ಹಕೀಮ್ ಇಬ್ನ್ ಸೀನಾ: ಕರುಳಿನ ಬೇನೆ ಬಲ್ಲವರ ಬದುಕು ಮತ್ತು ಪಾಠ



ತರಗತಿಯಲ್ಲಿ ಹಿಂದಿನ ಕಾಲದ ವಿದ್ವಾಂಸರ ವಿಷಯ ಬಂದಾಗಲೆಲ್ಲ ಬೂ ಅಲಿ ಸೀನಾ ಅವರ ಹೆಸರು ಬಂದೇ ಬರುತ್ತದೆ. ಅವರು ಬುಖಾರಾದವರು, ಮಹಾ ಹಕೀಮರು, 'ಅಲ್ ಕಾನೂನ್' ಎಂಬ ವೈದ್ಯಗ್ರಂಥ ಬರೆದವರು ಎಂದು ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅಂಕ ಪಡೆಯುತ್ತಾರೆ. ಒಮ್ಮೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, ಇಷ್ಟು ದೊಡ್ಡ ಹಕೀಮರು ತಾವು ಯಾವ ರೋಗದಿಂದ ತೀರಿಕೊಂಡರು ಎಂದು ಕೇಳಿದ. ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ, ಉತ್ತರವೂ ತಿಳಿದಿರಲಿಲ್ಲ. ಮನೆಗೆ ಬಂದು ಹುಡುಕಿ ಓದಿದಾಗ ತಿಳಿದದ್ದು ಇಷ್ಟು: ಯಾವ ರೋಗದ ಮೇಲೆ ಅವರು ಪ್ರತ್ಯೇಕ ಪುಸ್ತಕವನ್ನೇ ಬರೆದಿದ್ದರೋ ಅದೇ ರೋಗ, ಅಂದರೆ ದೊಡ್ಡ ಕರುಳಿನ ಬೇನೆ, ಅವರನ್ನು ಕೊಂಡೊಯ್ದಿತು. ಆ ಹುಡುಗನಿಗೆ ಕೊಟ್ಟ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ.

ಜನನ ಮತ್ತು ವಿದ್ಯಾಭ್ಯಾಸ

ಇಬ್ನ್ ಸೀನಾ ಅವರು ಕ್ರಿ.ಶ. 980ರಲ್ಲಿ, ಅಂದರೆ ಹಿಜರಿ 370ರಲ್ಲಿ, ಬುಖಾರಾದ ಹತ್ತಿರದ ಅಫ್ಶಾನಾ ಎಂಬ ಹಳ್ಳಿಯಲ್ಲಿ ಜನಿಸಿದರು. ಆ ಪ್ರದೇಶ ಈಗ ಉಜ್ಬೇಕಿಸ್ತಾನದಲ್ಲಿದೆ. ತಂದೆ ಅಬ್ದುಲ್ಲಾ ಬಲ್ಖ್ ಊರಿನವರು, ಸಾಮಾನಿ ಸುಲ್ತಾನರ ಆಡಳಿತದಲ್ಲಿ ಅಧಿಕಾರಿಯಾಗಿದ್ದರು. ತಾಯಿ ಸಿತಾರಾ ಅದೇ ಅಫ್ಶಾನಾದವರು. ಮಕ್ಕಳ ಓದಿಗಾಗಿ ಕುಟುಂಬ ಬುಖಾರಾಕ್ಕೆ ಬಂದು ನೆಲೆಸಿತು. ಹತ್ತು ವರ್ಷ ತುಂಬುವಷ್ಟರಲ್ಲಿ ಬಾಲಕನಿಗೆ ಕುರಾನ್ ಕಂಠಪಾಠವಾಗಿತ್ತು. ನಮ್ಮ ಹಿಂದೂಸ್ತಾನದ ಅಂಕಗಣಿತವನ್ನು ಅವರು ಕಲಿತದ್ದು ಒಬ್ಬ ಕಾಯಿಪಲ್ಲೆ ಮಾರುವವನ ಬಳಿ. ತಂದೆಯೇ ಮಗನನ್ನು ಅವನಲ್ಲಿಗೆ ಕಳಿಸಿದರು. ಕಲಿಸಬಲ್ಲವರು ಯಾರೇ ಇರಲಿ, ಅವರ ಮುಂದೆ ಕೂತು ಕಲಿಯುವುದರಲ್ಲಿ ಸಣ್ಣತನವಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು.

ಹದಿನಾರರ ವಯಸ್ಸಿಗೆ ಅವರು ರೋಗಿಗಳನ್ನು ನೋಡತೊಡಗಿದ್ದರು. ಹಗಲು ರೋಗಿಗಳು, ರಾತ್ರಿ ದೀಪದ ಮುಂದೆ ಪುಸ್ತಕ. ಆದರೂ ಎಲ್ಲವೂ ಸುಲಭವಾಗಿ ತಲೆಗೆ ಹತ್ತಲಿಲ್ಲ. ಅರಿಸ್ಟಾಟಲನ ತತ್ತ್ವಶಾಸ್ತ್ರದ ಒಂದು ಗ್ರಂಥವನ್ನು ನಲವತ್ತು ಸಲ ಓದಿದರೂ ಅದರ ಉದ್ದೇಶ ತಿಳಿಯದೆ ಕೈಚೆಲ್ಲಿದ್ದರು. ಒಂದು ದಿನ ಪುಸ್ತಕ ಬಜಾರಿನಲ್ಲಿ ದಲ್ಲಾಳಿಯೊಬ್ಬ ಒತ್ತಾಯ ಮಾಡಿ ಮೂರು ದಿರ್ಹಮಿಗೆ ಫಾರಾಬಿಯ ಚಿಕ್ಕ ಪುಸ್ತಕವೊಂದನ್ನು ಕೊಟ್ಟ. ಅದನ್ನು ಓದಿದ ಕೂಡಲೇ ಕಗ್ಗಂಟು ಬಿಚ್ಚಿತು. ಮರುದಿನ ಆ ಸಂತೋಷಕ್ಕಾಗಿ ಬಡವರಿಗೆ ದಾನ ಮಾಡಿದರು.

ಹದಿನೇಳರ ಸುಮಾರಿಗೆ ಬುಖಾರಾದ ಸುಲ್ತಾನ ನೂಹ್ ಬಿನ್ ಮನ್ಸೂರ್ ಕಾಯಿಲೆ ಬಿದ್ದಾಗ ಆಸ್ಥಾನದ ಹಕೀಮರು ಈ ತರುಣನನ್ನೂ ಕರೆಸಿದರು. ಆ ಸೇವೆಗೆ ಸಿಕ್ಕ ದೊಡ್ಡ ಬಹುಮಾನವೆಂದರೆ ಅರಮನೆಯ ಗ್ರಂಥಾಲಯದಲ್ಲಿ ಓದಲು ಅನುಮತಿ. ಹದಿನೆಂಟು ತುಂಬುವ ಹೊತ್ತಿಗೆ ಆ ಕಾಲದ ವಿದ್ಯೆಗಳನ್ನೆಲ್ಲ ಮುಗಿಸಿದ್ದರು.

ಕುಲಂಜ್ ತಂದ ಪದವಿ

ತಂದೆ ತೀರಿಕೊಂಡರು, ಸಾಮಾನಿಗಳ ರಾಜ್ಯವೂ ಮುಳುಗಿತು. ಇಬ್ನ್ ಸೀನಾ ಊರೂರು ಅಲೆಯಬೇಕಾಯಿತು. ಗುರ್ಗಾಂಜ್, ನಸಾ, ತೂಸ್ ದಾಟಿ ಕ್ಯಾಸ್ಪಿಯನ್ ಸಮುದ್ರದ ಬಳಿಯ ಜುರ್ಜಾನಿಗೆ ಬಂದರು. ಅಲ್ಲಿ ಜೂಜ್ಜಾನಿ ಎಂಬ ಶಿಷ್ಯ ಜೊತೆಗೂಡಿದರು. ಸುಮಾರು ಇಪ್ಪತ್ತೈದು ವರ್ಷ ಗುರುವಿನ ನೆರಳಿನಂತಿದ್ದ ಈ ಶಿಷ್ಯರು ಬರೆದಿಟ್ಟ ಜೀವನಚರಿತ್ರೆಯಿಂದಲೇ ಮುಂದಿನ ಸಂಗತಿಗಳೆಲ್ಲ ನಮಗೆ ತಿಳಿದಿವೆ. 'ಅಲ್ ಕಾನೂನ್' ಗ್ರಂಥದ ಆರಂಭವಾದದ್ದೂ ಜುರ್ಜಾನಿನಲ್ಲಿಯೇ.

ಸುಮಾರು 1015ರಲ್ಲಿ ಅವರು ಈಗಿನ ಇರಾನಿನ ಹಮದಾನ್ ನಗರಕ್ಕೆ ಬಂದರು. ಅಲ್ಲಿನ ದೊರೆ ಶಮ್ಸುದ್ದೌಲಾ ಕುಲಂಜ್ ಎಂಬ ಬೇನೆಯಿಂದ ನರಳುತ್ತಿದ್ದ. ಉರ್ದು ಬಲ್ಲವರಿಗೆ ಈ ಪದ ಹೊಸದಲ್ಲ. ದೊಡ್ಡ ಕರುಳಿಗೆ ಗ್ರೀಕರು ಇಟ್ಟಿದ್ದ ಕೋಲೋನ್ ಎಂಬ ಹೆಸರೇ ಅರಬ್ಬಿಯಲ್ಲಿ ಕುಲಂಜ್ ಆಯಿತು. ಇಂಗ್ಲಿಷಿನ ಕೋಲನ್, ಕಾಲಿಕ್ ಎಂಬ ಪದಗಳೂ ಅದೇ ಬೇರಿನವು. ಮಲ, ವಾಯು ಕಟ್ಟಿಕೊಂಡು ಹೊಟ್ಟೆ ಹಿಂಡಿದಂತೆ ಬಿಟ್ಟು ಬಿಟ್ಟು ಬರುವ ತೀವ್ರ ನೋವಿಗೆ ಆ ಕಾಲದ ಹಕೀಮರು ಕುಲಂಜ್ ಎನ್ನುತ್ತಿದ್ದರು. ನಮ್ಮ ಹಿರಿಯರು ಹೊಟ್ಟೆಶೂಲೆ ಎನ್ನುತ್ತಿದ್ದುದರಲ್ಲಿ ಇದೂ ಸೇರಿತ್ತು.

ಇಬ್ನ್ ಸೀನಾ ನಲವತ್ತು ದಿನ ಅರಮನೆಯಲ್ಲೇ ಇದ್ದು ದೊರೆಯನ್ನು ಗುಣಪಡಿಸಿದರು. ಸಂತೋಷಗೊಂಡ ದೊರೆ ಅವರನ್ನು ಆಪ್ತರನ್ನಾಗಿ ಮಾಡಿಕೊಂಡು ಮುಂದೆ ವಜೀರ ಪದವಿ ಕೊಟ್ಟ. ಆದರೆ ಸೈನ್ಯ ದಂಗೆ ಎದ್ದಿತು. ಸೈನಿಕರು ಅವರ ಮನೆ ಲೂಟಿ ಮಾಡಿ, ಅವರ ತಲೆಯನ್ನೇ ಕೇಳಿದರು. ದೊರೆ ಪ್ರಾಣ ತೆಗೆಯಲು ಒಪ್ಪದೆ ಅಧಿಕಾರದಿಂದ ಮಾತ್ರ ಇಳಿಸಿದ. ಇಬ್ನ್ ಸೀನಾ ಪರಿಚಿತರೊಬ್ಬರ ಮನೆಯಲ್ಲಿ ನಲವತ್ತು ದಿನ ಅಡಗಿದ್ದರು. ಅಷ್ಟರಲ್ಲಿ ದೊರೆಗೆ ಕುಲಂಜ್ ಮರುಕಳಿಸಿತು. ಮತ್ತೆ ಹುಡುಕಿಸಿ, ಕ್ಷಮೆ ಕೇಳಿ, ಚಿಕಿತ್ಸೆ ಪಡೆದು, ಎರಡನೆಯ ಸಲ ವಜೀರನನ್ನಾಗಿ ನೇಮಿಸಿದ. ಹಗಲು ರಾಜ್ಯದ ಕೆಲಸವಿದ್ದುದರಿಂದ ಪಾಠ ನಡೆಯುತ್ತಿದ್ದದ್ದು ರಾತ್ರಿ. ಶಿಷ್ಯರು ಸರದಿಯಂತೆ 'ಶಿಫಾ', 'ಕಾನೂನ್' ಗ್ರಂಥಗಳನ್ನು ಓದುತ್ತಿದ್ದರು.

ಕೋಟೆಯ ಸೆರೆಯಲ್ಲಿ ಬರೆದ ಪುಸ್ತಕ

ಕೆಲವು ವರ್ಷಗಳ ನಂತರ ದೊರೆ ದಂಡೆತ್ತಿ ಹೊರಟಾಗ ದಾರಿಯಲ್ಲಿ ಕುಲಂಜ್ ಮತ್ತೆ ಕೆರಳಿತು. ಹಕೀಮರು ಹೇಳಿದ ಪಥ್ಯವನ್ನು ಆತ ಪಾಲಿಸಿರಲಿಲ್ಲ. ಸೈನಿಕರು ಹೊತ್ತು ಹಿಂದಕ್ಕೆ ತರುವಾಗ ದಾರಿಯಲ್ಲೇ ಅಸುನೀಗಿದ. ಅದು 1021ರ ಸುಮಾರು. ಹೊಸ ದೊರೆಯ ಬಳಿ ವಜೀರಗಿರಿ ಮಾಡಲು ಇಬ್ನ್ ಸೀನಾ ಒಪ್ಪದೆ, ಔಷಧಿ ವ್ಯಾಪಾರಿಯೊಬ್ಬನ ಮನೆಯಲ್ಲಿ ಅಡಗಿ ಕುಳಿತು, ದಿನಕ್ಕೆ ಐವತ್ತು ಹಾಳೆಯಂತೆ 'ಶಿಫಾ' ಬರೆಯತೊಡಗಿದರು. ಇಸ್ಫಹಾನಿನ ದೊರೆ ಅಲಾಉದ್ದೌಲಾನ ಜೊತೆ ಗುಟ್ಟಾಗಿ ಪತ್ರವ್ಯವಹಾರ ಮಾಡಿದರೆಂಬ ಆಪಾದನೆ ಬಂದು ಫರ್ದಜಾನ್ ಎಂಬ ಕೋಟೆಯಲ್ಲಿ ನಾಲ್ಕು ತಿಂಗಳು ಸೆರೆಯಾದರು.

ಈ ಸೆರೆವಾಸದಲ್ಲಿ ಅವರು ಸುಮ್ಮನೆ ಕೂರಲಿಲ್ಲ. ಅಲ್ಲಿ ಬರೆದ ಪುಸ್ತಕಗಳಲ್ಲಿ ಒಂದು ಕುಲಂಜ್ ಕುರಿತದ್ದು. ದೊರೆಯ ಹಾಸಿಗೆಯ ಪಕ್ಕದಲ್ಲಿ ಕುಳಿತು ಕಂಡದ್ದೆಲ್ಲ ಅವರ ಅನುಭವದಲ್ಲಿತ್ತು. ಕುಲಂಜಿನ ಕಾರಣಗಳೇನು, ಲಕ್ಷಣಗಳೇನು, ಚಿಕಿತ್ಸೆ ಏನು ಎಂದು ಅವರು ವಿಂಗಡಿಸಿದರು. ಕರುಳಿನ ನೋವನ್ನೂ ಮೂತ್ರಪಿಂಡದ ಕಲ್ಲಿನ ನೋವನ್ನೂ ಬೇರೆ ಬೇರೆಯಾಗಿ ಗುರುತಿಸುವುದು ಹೇಗೆ ಎಂಬುದನ್ನು ಹೇಳಿದರು. ಇಂದಿಗೂ ಹೊಟ್ಟೆನೋವಿನ ರೋಗಿ ಬಂದಾಗ ವೈದ್ಯರು ಕೇಳಿಕೊಳ್ಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು.

ಬಿಡುಗಡೆಯ ನಂತರ ಅವರು ತಮ್ಮ, ಶಿಷ್ಯ ಮತ್ತು ಇಬ್ಬರು ಸೇವಕರೊಡನೆ ಸೂಫಿಗಳ ವೇಷದಲ್ಲಿ ಹಮದಾನಿನಿಂದ ತಪ್ಪಿಸಿಕೊಂಡು ಇಸ್ಫಹಾನ್ ಸೇರಿದರು. ಅಲ್ಲಿ ಅಲಾಉದ್ದೌಲಾನ ಆಶ್ರಯದಲ್ಲಿ ಬದುಕಿನ ಕೊನೆಯ ಹದಿಮೂರು ಹದಿನಾಲ್ಕು ವರ್ಷ ಕಳೆದರು. ಐದು ಭಾಗಗಳ 'ಅಲ್ ಕಾನೂನ್' ಹನ್ನೆರಡನೆಯ ಶತಮಾನದಲ್ಲಿ ಲ್ಯಾಟಿನ್ ಭಾಷೆಗೆ ಹೋಯಿತು, 1593ರಲ್ಲಿ ರೋಮ್ ನಗರದಲ್ಲಿ ಅರಬ್ಬಿಯಲ್ಲೇ ಅಚ್ಚಾಯಿತು, ಯುರೋಪಿನ ವಿದ್ಯಾಲಯಗಳಲ್ಲಿ ಶತಮಾನಗಳ ಕಾಲ ಪಠ್ಯವಾಗಿತ್ತು. ಅದರ ಮೂರನೆಯ ಭಾಗ ತಲೆಯಿಂದ ಕಾಲಿನವರೆಗೆ ಒಂದೊಂದೇ ಅಂಗದ ರೋಗಗಳನ್ನು ಹೇಳುತ್ತದೆ. ಕರುಳಿನ ರೋಗಗಳು ಅದರಲ್ಲಿವೆ.

ಕೊನೆಯ ಬೇನೆ

ಅಲಾಉದ್ದೌಲಾ ಯುದ್ಧಕ್ಕೆ ಹೊರಟಾಗಲೆಲ್ಲ ಇಬ್ನ್ ಸೀನಾ ಜೊತೆಗಿರುತ್ತಿದ್ದರು. ಅಂಥ ಒಂದು ದಂಡಯಾತ್ರೆಯಲ್ಲಿ ಅವರಿಗೇ ಕುಲಂಜ್ ಬಂತು. ಸೈನ್ಯ ಸೋತು ಓಡಬೇಕಾಗಿ ಬಂದರೆ ಕಾಯಿಲೆಯ ಮನುಷ್ಯ ಹಿಂದೆ ಉಳಿಯುತ್ತಾನೆ, ಶತ್ರುವಿನ ಕೈಗೆ ಸಿಗುತ್ತಾನೆ. ಆ ಭಯದಿಂದ ಅವರು ಬೇಗ ಗುಣವಾಗಬೇಕೆಂದು ಒಂದೇ ದಿನ ಎಂಟು ಸಲ ಎನಿಮಾ ತೆಗೆದುಕೊಂಡರು. ಕರುಳಿನ ಒಳಭಾಗ ಕೆತ್ತಿದಂತಾಗಿ ಹುಣ್ಣಾಯಿತು. ಅದೇ ಸ್ಥಿತಿಯಲ್ಲಿ ದೊರೆಯ ಜೊತೆ ಪ್ರಯಾಣ ಮಾಡಿದರು. ದಾರಿಯಲ್ಲಿ ಸೆಳವು ಬರತೊಡಗಿತು.

ವಾಯು ಹೊರಹೋಗಲೆಂದು ಎನಿಮಾ ಔಷಧದಲ್ಲಿ ಎರಡು ದಾನಗ್ ತೂಕದ ಅಜಮೋದ ಬೀಜ ಹಾಕಲು ಅವರು ಹೇಳಿದರು. ಅಜಮೋದವೆಂದರೆ ನಮ್ಮ ಅಜವಾನವನ್ನು ಹೋಲುವ ಬೀಜ. ಚಿಕಿತ್ಸೆಗೆ ನಿಂತಿದ್ದ ವೈದ್ಯ ಐದು ದಿರ್ಹಮ್ ತೂಕ ಹಾಕಿದ. ಒಂದು ದಿರ್ಹಮಿಗೆ ಆರು ದಾನಗ್. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ, ಹೇಳಿದ್ದಕ್ಕಿಂತ ಹದಿನೈದು ಪಟ್ಟು! ಹುಣ್ಣು ಉಲ್ಬಣಿಸಿತು. ಸೆಳವಿಗೆಂದು ತೆಗೆದುಕೊಳ್ಳುತ್ತಿದ್ದ ಲೇಹ್ಯದಲ್ಲಿ ಸೇವಕನೊಬ್ಬ ಅಫೀಮು ಹೆಚ್ಚು ಬೆರೆಸಿದ. ಸೇವಕರು ಒಡೆಯರ ಹಣ ಕದ್ದಿದ್ದರು, ಅವರು ಬದುಕಿ ಲೆಕ್ಕ ಕೇಳುವುದು ಸೇವಕರಿಗೆ ಬೇಕಿರಲಿಲ್ಲ ಎಂದು ಜೂಜ್ಜಾನಿ ಬರೆದಿದ್ದಾರೆ.

ಪಲ್ಲಕ್ಕಿಯಲ್ಲಿ ಹೊತ್ತು ಅವರನ್ನು ಇಸ್ಫಹಾನಿಗೆ ತಂದರು. ಎದ್ದು ನಿಲ್ಲಲೂ ಶಕ್ತಿಯಿರಲಿಲ್ಲ. ತಾವೇ ತಮಗೆ ಚಿಕಿತ್ಸೆ ಮಾಡಿಕೊಂಡು ಮತ್ತೆ ನಡೆಯುವಂತಾದರು, ದರ್ಬಾರಿಗೂ ಹೋದರು. ಆದರೆ ಪೂರ್ತಿ ಗುಣವಾಗುವ ಮೊದಲೇ ಹಳೆಯ ದಿನಚರಿಗೆ ಮರಳಿದರು. ಪಥ್ಯ ಪಾಲಿಸಲಿಲ್ಲ, ದೇಹಕ್ಕೆ ವಿಶ್ರಾಂತಿ ಕೊಡಲಿಲ್ಲ ಎಂದು ಗುರುಭಕ್ತಿಯುಳ್ಳ ಶಿಷ್ಯರೇ ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ. ಬೇನೆ ಹೋಗುವುದು, ಬರುವುದು ನಡೆಯಿತು. ಹಮದಾನಿಗೆ ಹೊರಟ ದೊರೆಯ ಜೊತೆ ಹೋದಾಗ ದಾರಿಯಲ್ಲಿ ಮತ್ತೆ ಮರುಕಳಿಸಿತು. ಹಮದಾನ್ ತಲುಪುವಷ್ಟರಲ್ಲಿ ದೇಹದಲ್ಲಿ ರೋಗವನ್ನು ಎದುರಿಸುವ ತ್ರಾಣ ಉಳಿದಿಲ್ಲವೆಂಬುದು ಅವರಿಗೆ ತಿಳಿಯಿತು. ಔಷಧ ನಿಲ್ಲಿಸಿದರು. ಇದ್ದುದನ್ನು ಬಡವರಿಗೆ ಹಂಚಿ, ಗುಲಾಮರನ್ನು ಬಿಡುಗಡೆ ಮಾಡಿ, ಮೂರು ದಿನಕ್ಕೊಮ್ಮೆ ಕುರಾನ್ ಪೂರ್ತಿಗೊಳಿಸುತ್ತ ದಿನ ಕಳೆದರು. ಹಿಜರಿ 428ರ ರಂಜಾನ್ ತಿಂಗಳಲ್ಲಿ, ಕ್ರಿ.ಶ. 1037ರಲ್ಲಿ, ಸುಮಾರು 57ನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು. ಅವರ ಸಮಾಧಿ ಹಮದಾನಿನಲ್ಲಿದೆ.

ನಮ್ಮ ಸೀಮೆಗೆ ಬಂದ ವಿದ್ಯೆ

ಇಬ್ನ್ ಸೀನಾ ಅವರ ವೈದ್ಯವಿದ್ಯೆ ನಮ್ಮ ದೇಶಕ್ಕೂ ಬಂದು ಯುನಾನಿ ಪದ್ಧತಿಯಾಗಿ ಬೆಳೆಯಿತು. ಅಕ್ಬರ್ ಬಾದಶಹನ ಆಸ್ಥಾನದ ಹಕೀಮ್ ಅಲಿ ಗೀಲಾನಿ 'ಕಾನೂನ್' ಗ್ರಂಥಕ್ಕೆ ವ್ಯಾಖ್ಯಾನ ಬರೆದವರು. 1605ರಲ್ಲಿ ಅಕ್ಬರನು ಭೇದಿಯಿಂದ ಹಾಸಿಗೆ ಹಿಡಿದಾಗ ಚಿಕಿತ್ಸೆಗೆ ನಿಂತವರೂ ಅವರೇ. ಬಾದಶಹ ಉಳಿಯಲಿಲ್ಲ.

ನಮಗೆ ಇನ್ನೂ ಹತ್ತಿರದ್ದು ವಿಜಾಪುರ. ಇಬ್ರಾಹಿಂ ಆದಿಲ್ ಶಾಹ ಎರಡನೆಯವರ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಷ್ತಾ ವೈದ್ಯವನ್ನೂ ಬಲ್ಲವರು. ಈ ನೆಲದ ವೈದ್ಯಪದ್ಧತಿಯನ್ನು ಫಾರ್ಸಿ ಓದುವ ಹಕೀಮರಿಗೆ ತಿಳಿಸಲು 'ದಸ್ತೂರುಲ್ ಅತಿಬ್ಬಾ' ಎಂಬ ಪುಸ್ತಕ ಬರೆದರು. ಅವರ ಇತಿಹಾಸ ಗ್ರಂಥದಲ್ಲಿ ಒಂದು ಕಹಿ ಘಟನೆಯೂ ಇದೆ. 1534ರಿಂದ 1558ರವರೆಗೆ ಆಳಿದ ಇಬ್ರಾಹಿಂ ಆದಿಲ್ ಶಾಹ ಮೊದಲನೆಯವನು ಕೊನೆಗಾಲದಲ್ಲಿ ಕಾಯಿಲೆ ಬಿದ್ದಾಗ, ಗುಣಪಡಿಸಲಾಗದ ಹಕೀಮರಲ್ಲಿ ಕೆಲವರ ತಲೆ ಕಡಿಸಿದ, ಕೆಲವರನ್ನು ಆನೆ ಕಾಲಿಗೆ ಹಾಕಿಸಿದ. ಉಳಿದವರು ರಾಜ್ಯ ಬಿಟ್ಟು ಓಡಿದರು. ಔಷಧ ಕೊಡುವವರೇ ಇಲ್ಲದ ರಾಜ್ಯದಲ್ಲಿ ಸುಲ್ತಾನ ಸತ್ತ. ಅವನ ಗೋರಿ ಈಗಿನ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿದೆ. ಹಮದಾನಿನ ಹಕೀಮರದ್ದೂ ವಿಜಾಪುರದ ಸುಲ್ತಾನನದ್ದೂ ಬೇರೆ ಬೇರೆ ಸ್ವಭಾವ. ಆದರೆ ರೋಗಕ್ಕೆ ಬೇಕಾದ ಸಮಯವನ್ನು ಕೊಡಲು ಇಬ್ಬರಿಗೂ ಆಗಲಿಲ್ಲ.

ಇಂದು ನಮ್ಮ ರಾಜ್ಯದಲ್ಲೇ, ಬೆಂಗಳೂರಿನಲ್ಲಿ, 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆ ಇದೆ. ವೈದ್ಯವೃತ್ತಿಗೆ ಹೋಗಬಯಸುವ ವಿದ್ಯಾರ್ಥಿಗಳು ಇದನ್ನು ಗಮನದಲ್ಲಿಡಬಹುದು.

ನಾವು ತಿಳಿಯಬೇಕಾದ ಲಕ್ಷಣಗಳು

ಸಾವಿರ ವರ್ಷಗಳ ಹಿಂದೆ ಕುಲಂಜ್ ಎಂಬ ಒಂದೇ ಹೆಸರಿನಡಿ ಬರುತ್ತಿದ್ದ ಬೇನೆಗಳನ್ನು ಇಂದಿನ ವೈದ್ಯಶಾಸ್ತ್ರ ಬಿಡಿಸಿ ನೋಡುತ್ತದೆ. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದದ ನಳಿಕೆ. ಅರಗಿದ ಆಹಾರದ ಉಳಿಕೆಯಿಂದ ನೀರು ಮತ್ತು ಲವಣಗಳನ್ನು ಹೀರಿಕೊಂಡು ಮಲವನ್ನು ಗಟ್ಟಿಮಾಡುವುದು ಅದರ ಕೆಲಸ.

ಎಲ್ಲರಿಗೂ ಪರಿಚಿತವಾದದ್ದು ಮಲಬದ್ಧತೆ. ನೀರು ಕಡಿಮೆ ಕುಡಿಯುವುದು, ನಾರಿನ ಅಂಶವಿಲ್ಲದ ಊಟ, ಬಂದ ವೇಗವನ್ನು ತಡೆದುಕೊಳ್ಳುವುದು ಇದರ ಕಾರಣಗಳು. ಆಮಶಂಕೆಯಲ್ಲಿ ಅಮೀಬಾ ಅಥವಾ ಬ್ಯಾಕ್ಟೀರಿಯಾ ದೊಡ್ಡ ಕರುಳನ್ನು ಹೊಕ್ಕು ಹೊಟ್ಟೆ ನುಲಿಯುತ್ತದೆ, ಲೋಳೆ ರಕ್ತ ಬೆರೆತ ಭೇದಿಯಾಗುತ್ತದೆ. ಹೊಲಸು ನೀರು, ತೊಳೆಯದ ಕೈ ಇದರ ದಾರಿ. ಕೆಲವರಿಗೆ ಪರೀಕ್ಷೆಯಲ್ಲಿ ಯಾವ ದೋಷವೂ ಕಾಣದಿದ್ದರೂ ಹೊಟ್ಟೆ ಉಬ್ಬರ, ನೋವು, ಒಮ್ಮೆ ಭೇದಿ ಒಮ್ಮೆ ಮಲಬದ್ಧತೆ ವರ್ಷಗಟ್ಟಲೆ ಇರುತ್ತದೆ. ಇದು ಕರುಳಿನ ಚಲನೆಯ ತೊಂದರೆ, ಚಿಂತೆಯಿಂದ ಹೆಚ್ಚುತ್ತದೆ. ಕರುಳಿನ ಒಳಪದರದಲ್ಲಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ ರೋಗದಲ್ಲಿ ವಾರಗಟ್ಟಲೆ ರಕ್ತ ಮಿಶ್ರಿತ ಭೇದಿ, ಸುಸ್ತು, ತೂಕ ಇಳಿಯುವುದು ಕಾಣುತ್ತವೆ. ವಯಸ್ಸಾದವರ ಕರುಳಿನ ಗೋಡೆಯಲ್ಲಿ ಚಿಕ್ಕ ಚೀಲಗಳಂಥ ಉಬ್ಬುಗಳಾಗಿ, ಅವು ಕೆರಳಿದಾಗ ನೋವು ಜ್ವರ ಬರಬಹುದು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ದೊಡ್ಡ ಕರುಳಿನ ಕ್ಯಾನ್ಸರ್ ವಿಷಯದಲ್ಲಿ. ಇದು ಬಹುಮಟ್ಟಿಗೆ ಪಾಲಿಪ್ ಎಂಬ ಚಿಕ್ಕ ಗಂಟಿನಿಂದ ಆರಂಭವಾಗಿ ವರ್ಷಗಳ ಕಾಲ ಸದ್ದಿಲ್ಲದೆ ಬೆಳೆಯುತ್ತದೆ. ಮಲದಲ್ಲಿ ರಕ್ತ, ಮಲವಿಸರ್ಜನೆಯ ಅಭ್ಯಾಸ ಕಾರಣವಿಲ್ಲದೆ ಬದಲಾಗಿ ಮೂರು ನಾಲ್ಕು ವಾರ ಹಾಗೆಯೇ ಉಳಿಯುವುದು, ಹೊಟ್ಟೆ ಪೂರ್ತಿ ಖಾಲಿಯಾಗಿಲ್ಲ ಎಂಬ ಭಾವನೆ, ರಕ್ತಹೀನತೆ, ತೂಕ ಇಳಿಯುವುದು ಇದರ ಲಕ್ಷಣಗಳು. ಬೇಗ ಪತ್ತೆಯಾದರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಸಾಧ್ಯತೆ ಬಹಳ. ನಮ್ಮ ಭಾಗದವರಿಗೆ ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಇದೆ.

ಇಲ್ಲಿ ನನ್ನ ಮಾಮುವಿನ ಮಾತು ಹೇಳಲೇಬೇಕು. ಅವರು ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುತ್ತಿದ್ದರು. ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿ, ಯಾರೋ ಹೇಳಿದ ಚೂರ್ಣ ತಿನ್ನುತ್ತ ಒಂದು ವರ್ಷ ಕಳೆದರು. ಮುಮಾನಿಗೂ ಹೇಳಲಿಲ್ಲ. ಮಗ್ಗ ನಿಂತರೆ ಸೀರೆ ನಿಲ್ಲುತ್ತದೆ, ಸೀರೆ ನಿಂತರೆ ಮನೆ ನಿಲ್ಲುತ್ತದೆ ಎಂಬ ಚಿಂತೆ ಒಂದು ಕಡೆ, ಈ ಜಾಗದ ರೋಗವನ್ನು ಹೇಗೆ ಬಾಯಿಬಿಟ್ಟು ಹೇಳುವುದೆಂಬ ನಾಚಿಕೆ ಇನ್ನೊಂದು ಕಡೆ. ಕೊನೆಗೆ ದೊಡ್ಡ ಆಸ್ಪತ್ರೆಗೆ ಕರೆದೊಯ್ದು ಕೊಲೊನೋಸ್ಕೋಪಿ ಮಾಡಿಸಿದಾಗ ಕ್ಯಾನ್ಸರ್ ಯಕೃತ್ತಿಗೂ ಹಬ್ಬಿತ್ತು. ಮುಂದಿನ ರಂಜಾನ್ ಅವರು ನೋಡಲಿಲ್ಲ. ದಿನಕ್ಕೆ ಐದು ಸಲ ವುಝು ಮಾಡುವ, ಶುಚಿತ್ವದ ಸಣ್ಣ ಸಣ್ಣ ನಿಯಮವನ್ನೂ ಮಕ್ಕಳಿಗೆ ಕಲಿಸುವ ನಾವು, ಅದೇ ಅಂಗಕ್ಕೆ ರೋಗ ಬಂದಾಗ ಮಾತ್ರ ಬಾಯಿ ಮುಚ್ಚಿಕೊಳ್ಳುತ್ತೇವೆ. ಇದು ಸರಿಯಲ್ಲ.

ಎಲ್ಲ ರಕ್ತವೂ ಕ್ಯಾನ್ಸರ್ ಅಲ್ಲ. ಬಹಳ ಸಲ ಅದು ಮೂಲವ್ಯಾಧಿಯೇ ಆಗಿರುತ್ತದೆ. ಆದರೆ ಹಾಗೆಂದು ಹೇಳಬೇಕಾದವರು ಪರೀಕ್ಷಿಸಿದ ವೈದ್ಯರು, ನಾವಲ್ಲ. ಹೊಟ್ಟೆ ಉಬ್ಬಿ, ಮಲವೂ ವಾಯುವೂ ಹೋಗದೆ, ವಾಂತಿಯಾಗುತ್ತಿದ್ದರೆ ಕರುಳು ಕಟ್ಟಿಕೊಂಡಿರಬಹುದು. ಹೊಕ್ಕುಳ ಬಳಿ ಆರಂಭವಾದ ನೋವು ಬಲಗಡೆ ಕೆಳಕ್ಕೆ ಇಳಿದರೆ ಅಪೆಂಡಿಕ್ಸ್ ಇರಬಹುದು. ಇಂಥ ಹೊತ್ತಿನಲ್ಲಿ ಮನೆಯಲ್ಲಿ ಎನಿಮಾ, ಜುಲಾಬಿನ ಗುಳಿಗೆ ಕೊಡದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ತಡೆಯಲು ದೊಡ್ಡ ಖರ್ಚೇನೂ ಬೇಡ. ನಮ್ಮ ಜೋಳದ ರೊಟ್ಟಿ, ಕಾಳು, ಸೊಪ್ಪಿನ ಪಲ್ಲೆ ಕರುಳಿಗೆ ಬೇಕಾದ ನಾರನ್ನು ಕೊಡುತ್ತವೆ. ಸಾಕಷ್ಟು ನೀರು ಕುಡಿಯಬೇಕು, ರೋಜಾ ಇರುವವರು ಇಫ್ತಾರಿನಿಂದ ಸಹ್ರಿಯವರೆಗೆ ಇದನ್ನು ಮರೆಯಬಾರದು. ತಂಬಾಕು, ಗುಟಕಾ ಬಿಡಬೇಕು. ನಡೆದಾಡಬೇಕು. ಭೇದಿಗೆಂದು ಅಂಗಡಿಯಿಂದ ಎರಡು ಗುಳಿಗೆ ತಂದು ನುಂಗಿ, ಅರ್ಧಕ್ಕೆ ಬಿಡುವ ಅಭ್ಯಾಸ ಬೇಡ. ವೈದ್ಯರು ಬರೆದ ಪ್ರಮಾಣವನ್ನು ಹೆಚ್ಚೂ ಮಾಡಬಾರದು, ಕಡಿಮೆಯೂ ಮಾಡಬಾರದು. ಎರಡು ದಾನಗ್ ಐದು ದಿರ್ಹಮ್ ಆದಾಗ ಏನಾಯಿತೆಂಬುದನ್ನು ಮೇಲೆ ಓದಿದಿರಿ.

ಪ್ರಿಯ ವಿದ್ಯಾರ್ಥಿಗಳೇ, ಇಬ್ನ್ ಸೀನಾ ಅವರಿಗೆ ಜ್ಞಾನ ಕಡಿಮೆಯಿರಲಿಲ್ಲ. ಅವರಿಗೆ ಸಿಗದೇ ಹೋದದ್ದು ರೋಗ ವಾಸಿಯಾಗುವವರೆಗೆ ತಡೆದು ಕೂರುವ ಸಮಯ. ಆ ಕಾಲದ ಯುದ್ಧಗಳಲ್ಲಿ ಅದು ಅವರ ಕೈಯಲ್ಲಿ ಪೂರ್ತಿ ಇರಲಿಲ್ಲ ಕೂಡ. ನಮಗೆ ಅಂಥ ಯುದ್ಧವೇನೂ ಇಲ್ಲ, ತಾಲ್ಲೂಕಿನಲ್ಲೇ ಸರಕಾರಿ ಆಸ್ಪತ್ರೆ ಇದೆ. ಇಂದು ಮನೆಗೆ ಹೋದ ಮೇಲೆ ಅಬ್ಬಾ, ಅಮ್ಮಿ, ದಾದಾ, ನಾನಿಯವರ ಬಳಿ ಕುಳಿತು ಈ ಲಕ್ಷಣಗಳನ್ನು ಓದಿ ಹೇಳಿರಿ. ಅವರಲ್ಲಿ ಯಾರಾದರೂ ಮಾತು ತಪ್ಪಿಸಿ ಎದ್ದು ಹೋದರೆ, ಅವರನ್ನೇ ಮೊದಲು ವೈದ್ಯರ ಬಳಿ ಕರೆದುಕೊಂಡು ಹೋಗಿರಿ.